ಯಾವ ಕೈಗೆ ಸೂಜಿ?

ಭಾಲ್ಕಿ ಕಡೆಯ ಐದು ಹಳ್ಳಿಗಳಲ್ಲಿ ನಾನು ಮೆಥೊಡಿಸ್ಟ್ ಸಭಾಪಾಲಕ. 2021ರ ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ ಕೊರೊನಾ ಲಸಿಕೆ ಶುರುವಾಯಿತು. 4ಕ್ಕೆ ಈಸ್ಟರ್. ಪ್ರಸಂಗ ಮುಗಿಸಿ, "ನಾಳೆ ಶಾಲಿಯೊಳಗ ಸೂಜಿ ಹಾಕ್ತಾರ, ಎಲ್ಲಾರೂ ಬರ್ರಿ" ಅಂದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ಬಂದವರು ಇಬ್ಬರು: ನನ್ನ ಹೆಂಡತಿ, ಮತ್ತೆ ಚರ್ಚಿನ ಗಂಟೆ ಹೊಡೆಯುವ ಕಾಕಾ.

"ಪಾಸ್ಟರ್ ಸಾಹೇಬ್ರ, ನನ್ನ ನೋಡಿದ್ರ ನಿಮ್ಮ ಮಂದಿ ಬಾಗ್ಲಾ ಹಾಕ್ಕೋತಾರ್ರಿ" ಎಂದಳು ಆಶಾ ಕಾರ್ಯಕರ್ತೆ. ಹೊಲದಿಂದ ಜನ ಮರಳುವ ಹೊತ್ತಿಗೆ ಅವಳ ಜೊತೆ ಮನೆಮನೆಗೆ ಹೊರಟೆ. ಒಳಗೆ ಹೋಗದೆ ಕಟ್ಟೆಯ ಮೇಲೇ ಕೂತು ಮಾತು. ಜ್ವರ ಬಂದರೆ ಎರಡು ದಿನದ ಕೂಲಿ ಹೋಗುತ್ತದೆ ಎನ್ನುವುದು ಹಲವರ ಭಯ, ನ್ಯಾಯವಾದದ್ದೇ. ಅದರ ಮೇಲೆ ವಾಟ್ಸಾಪಿನಲ್ಲಿ ಬಂದ 666ರ ಸುದ್ದಿ: ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಬರುವ ಮೃಗದ ಗುರುತೇ ಈ ಲಸಿಕೆ ಎಂದು.

ಒಬ್ಬ ಆಯಿ ಬೈಬಲ್ ತೆಗೆದೇ ಕೂತಿದ್ದರು. "ಪ್ರಕಟನೆ 13ರೊಳಗ ಮೃಗದ ಗುರುತು ಬಲಗೈಗಿ ಇಲ್ಲಾ ಹಣಿಗಿ ಅಂತ ಬರ್ದಾರಲ್ಲ?"

"ಆಯಿ, ಇದು ಎಡಗೈಗಿ ಹಾಕ್ತಾರ."

ನಕ್ಕರು, ಬಂದರು. ಗೆದ್ದೆ ಅಂದುಕೊಂಡು ಉಳಿದ ಮನೆಗಳಲ್ಲೂ ಅದನ್ನೇ ಹೇಳಿದೆ. ಮುಂದಿನ ವಾರ ಒಬ್ಬ ಅಣ್ಣನ ಎಡ ತೋಳಿಗೆ ಗಾಯವಿತ್ತು ಅಂತ ಬಲಕ್ಕೆ ಚುಚ್ಚಿದರು. ಅವನು ಅಳುತ್ತ ನೇರ ನನ್ನ ಮನೆಗೇ ಬಂದ.

ಆ ರಾತ್ರಿ ಅವನಿಗೆ ಹೇಳಿದ್ದನ್ನು ಮೊದಲೇ ಎಲ್ಲರಿಗೂ ಹೇಳಬೇಕಿತ್ತು. ಆ ಅಧ್ಯಾಯ ಕೇಳುವುದು ನೀನು ಯಾರಿಗೆ ಅಡ್ಡಬೀಳುತ್ತೀ ಎಂದು. ಔಷಧದ ಮಾತೇ ಅಲ್ಲಿಲ್ಲ. "ಕೀರ್ತನೆ 91 ಓದಿದವರಿಗೆ ರೋಗ ಬರಲ್ಲ" ಅನ್ನುವವರಿಗೂ ಉತ್ತರ ಸಿಕ್ಕಿತು: ದೇವರು ಕಾಯುತ್ತಾನೆ, ಗೋಪುರದ ಮೇಲಿಂದ ಧುಮುಕು ಎಂದು ಯೇಸುವಿಗೆ ಅದೇ ಕೀರ್ತನೆ ಹೇಳಿದ್ದು ಸೈತಾನ. ಮತ್ತಾಯ 4ರಲ್ಲಿದೆ.

ಆದರೆ ವಚನಕ್ಕಿಂತ ಕೆಲಸಕ್ಕೆ ಬಂದದ್ದು ನನ್ನ ಜ್ವರ. ಸೂಜಿ ಹಾಕಿಸಿಕೊಂಡ ರಾತ್ರಿ ಎರಡು ಕಂಬಳಿ ಹೊದ್ದು ನಡುಗಿದ್ದೆ. ಅದನ್ನು ಮುಚ್ಚಿಡದೆ ಹೇಳಿದೆ, ಪ್ಯಾರಾಸಿಟಮಾಲ್ ನುಂಗಿ ಮರುದಿನ ಮಧ್ಯಾಹ್ನ ರೊಟ್ಟಿ ತಿಂದದ್ದನ್ನೂ ಹೇಳಿದೆ. "ಏನೂ ಆಗಲ್ಲ" ಅಂದವರನ್ನು ನಮ್ಮ ಮಂದಿ ನಂಬುವುದಿಲ್ಲ.

ಮೇ ತಿಂಗಳಲ್ಲಿ ಕೋವಿಶೀಲ್ಡ್ ಎರಡನೇ ಡೋಸಿನ ಅಂತರ 12–16 ವಾರಕ್ಕೆ ಏರಿತು. ನಾನು ಹೇಳಿದ ಲೆಕ್ಕ ತಪ್ಪಾಗಿ, ಮತ್ತೆ ಅಷ್ಟೂ ಕಟ್ಟೆಗಳನ್ನು ಹತ್ತಿಳಿದೆ. ಆಯಿ ಮೊದಲ ಡೋಸಿನ ಚೀಟಿಯನ್ನು ಪ್ರಕಟನೆಯ ಪುಟದಲ್ಲೇ ಇಟ್ಟಿದ್ದರು. ತೆಗೆದು ಕೈಯಲ್ಲಿ ಹಿಡಿದು ಕೇಳಿದರು:

"ಈ ಸಲ ಯಾವ ಕೈರಿ?"