ಜಡಿಮಳೆಯಲ್ಲಲ್ಲ, ನಾಲ್ಕು ಹನಿಯಲ್ಲಿ ಬಿದ್ದೆ

ಇಷ್ಟು ವರ್ಷದಲ್ಲಿ ನಾನು ಬೈಕಿನಿಂದ ಬಿದ್ದದ್ದು ಒಂದೇ ಸಲ. ಅದೂ ಧೋ ಎಂದು ಸುರಿಯುವ ಮಳೆಯಲ್ಲಲ್ಲ. ಹನಿ ಉದುರಲು ಶುರುವಾಗಿ ಐದು ನಿಮಿಷ ಆಗಿತ್ತೋ ಇಲ್ಲವೋ, ಅಂಗಿ ಕೂಡ ಸರಿಯಾಗಿ ನೆನೆದಿರಲಿಲ್ಲ. ಮುಂದಿದ್ದ ಕಾರು ಗಕ್ಕನೆ ನಿಂತಿತು. ನಾನು ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿದೆ. ಆ ಕ್ಷಣಕ್ಕೆ ಚಕ್ರ ಇದ್ದದ್ದು ಜನ ರಸ್ತೆ ದಾಟುವ ಬಿಳಿ ಪಟ್ಟೆಯ ಮೇಲೆ. ಗಾಡಿ ಒಂದು ಕಡೆ, ನಾನು ಒಂದು ಕಡೆ. ವೇಗ ಗಂಟೆಗೆ 30 ಕಿಲೋಮೀಟರ್ ಕೂಡ ಇರಲಿಲ್ಲ. ಮೊಣಕೈ ತರಚಿತು, ಬ್ರೇಕ್ ಲಿವರ್ ಬಾಗಿತು. ಹಿಂದಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ, ಬಚಾವಾದೆ.

ಆಮೇಲೆ ಯೋಚಿಸಿದಾಗ ಗೊತ್ತಾದದ್ದು ಇಷ್ಟು: ಬಹಳ ದಿನ ಒಣಗಿದ್ದ ರಸ್ತೆಯಲ್ಲಿ ಆಯಿಲ್, ಡೀಸೆಲ್, ಟೈರಿನ ಪುಡಿ, ಧೂಳು ಎಲ್ಲಾ ಕೂತಿರುತ್ತದೆ. ನಾಲ್ಕು ಹನಿ ಬಿದ್ದರೆ ಅದು ಕೊಚ್ಚಿಹೋಗುವುದಿಲ್ಲ, ಕಲಸಿಕೊಂಡು ಜಾರುಬಂಡೆಯಾಗುತ್ತದೆ. ಜೋರು ಮಳೆ ಅರ್ಧ ಗಂಟೆ ಬಡಿದ ಮೇಲಿನ ರಸ್ತೆಯೇ ಇದಕ್ಕಿಂತ ವಾಸಿ. ನಾವು ಹೆದರುವುದು ಮಾತ್ರ ಉಲ್ಟಾ.

ಬ್ರೇಕ್ ಹಿಡಿಯುವುದನ್ನು ಮೊದಲಿಂದ ಕಲಿಯೋಣ ಅನ್ನಿಸಿತು. ಮಳೆ ಬಂದು ನಿಂತ ಒಂದು ಬೆಳಗ್ಗೆ, ಜನ ಇಲ್ಲದ ಸಮತಟ್ಟಾದ ಜಾಗದಲ್ಲಿ 20ರ ವೇಗದಿಂದ ಶುರು ಮಾಡಿದೆ. ಗಾಡಿ ನೇರ, ತಲೆ ನೇರ, ನೋಟ ದೂರಕ್ಕೆ. ಮೊದಲು ಲಿವರಿನ ಸಡಿಲ ಮಾತ್ರ ತೆಗೆದುಕೊಳ್ಳುವುದು, ಪ್ಯಾಡು ಡಿಸ್ಕನ್ನು ಮುಟ್ಟಿತು ಅನ್ನುವಷ್ಟು. ಮುಂದಿನ ಫೋರ್ಕ್ ಸ್ವಲ್ಪ ಕುಗ್ಗುತ್ತದೆ, ಭಾರ ಮುಂದಿನ ಟೈರಿಗೆ ಬರುತ್ತದೆ, ಟೈರು ನೆಲವನ್ನು ಒತ್ತಿ ಹಿಡಿಯುತ್ತದೆ. ಆಮೇಲೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಒತ್ತಡ ಹೆಚ್ಚಿಸುತ್ತಾ ಹೋಗುವುದು. ನಾನು ಬಿದ್ದ ದಿನ ಮಾಡಿದ್ದ ತಪ್ಪು ಇದೇ: ಭಾರ ಮುಂದಕ್ಕೆ ಬರುವ ಮೊದಲೇ ಚಕ್ರವನ್ನು ಕಟ್ಟಿಹಾಕಿದ್ದೆ. ಅಕಸ್ಮಾತ್ ಮುಂದಿನ ಚಕ್ರ ಲಾಕ್ ಆಗಿ ಜಾರಿದರೆ ತಕ್ಷಣ ಬಿಟ್ಟು ಮತ್ತೆ ಹಿಡಿಯಬೇಕು. ಹೆದರಿದ ಕೈ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಅದನ್ನು ಬಿಡಿಸುವುದಕ್ಕೇ ಅಭ್ಯಾಸ ಬೇಕು. ಹಿಂದಿನ ಬ್ರೇಕು ಜೊತೆಗಿರಲಿ, ಆದರೆ ಮಳೆಯಲ್ಲಿ ಅದೊಂದನ್ನೇ ನಂಬಿದರೆ ಗಾಡಿ ಬೇಗ ನಿಲ್ಲುವುದಿಲ್ಲ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಒಳ್ಳೆಯದೇ, ಆದರೆ ತಿರುವಿನಲ್ಲಿ ಗಾಡಿ ವಾಲಿರುವಾಗ ಸಾಮಾನ್ಯ ಎಬಿಎಸ್ ಕಾಪಾಡುತ್ತದೆಂಬ ಭರವಸೆ ಬೇಡ.

ತಿರುವು ಅಂದರೆ ನನಗೆ ನೆನಪಾಗುವುದು ಒಂದು ಕೊಡ ನೀರು. ಟೈರಿನ ಹಿಡಿತ ಇರುವುದೇ ಅಷ್ಟು. ಬ್ರೇಕಿಗೂ ಅದರಲ್ಲೇ, ತಿರುಗುವುದಕ್ಕೂ ಅದರಲ್ಲೇ, ಆಕ್ಸಿಲರೇಟರ್ ಕೊಡುವುದಕ್ಕೂ ಅದರಲ್ಲೇ. ಮಳೆ ಬಂದರೆ ಕೊಡ ಚಿಕ್ಕದಾಗುತ್ತದೆ. ಹಾಗಾಗಿ ವೇಗ ಇಳಿಸುವುದೆಲ್ಲ ತಿರುವಿಗೆ ಮುಂಚೆಯೇ, ಗೇರ್ ಇಳಿಸಿ ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟು. ತಿರುವಿನೊಳಗೆ ಕೈ ಸುಮ್ಮನಿರಬೇಕು. ಮ್ಯಾನ್‌ಹೋಲ್ ಮುಚ್ಚಳ, ಸೇತುವೆಯ ಕಬ್ಬಿಣದ ಜೋಡಣೆ, ಒದ್ದೆ ಎಲೆ ಇವುಗಳ ಮೇಲೆ ಬ್ರೇಕೂ ಇಲ್ಲ, ವಾಲುವುದೂ ಇಲ್ಲ. ರೈಲು ಹಳಿಯನ್ನು ಆದಷ್ಟು ಅಡ್ಡಡ್ಡವಾಗಿ ದಾಟುತ್ತೇನೆ. ಓರೆಯಾಗಿ ಹೋದರೆ ಟೈರು ಹಳಿಯ ಉದ್ದಕ್ಕೇ ಜಾರಿಬಿಡುತ್ತದೆ. ನೀರಿನ ಮೇಲೆ ಬಣ್ಣ ಬಣ್ಣದ ಬಳೆಯಂಥದ್ದು ಕಂಡರೆ ಅದು ಎಣ್ಣೆ.

ಮಳೆಗಾಲದಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಜಾಸ್ತಿ ಅಂತ ಯಾರೋ ಹೇಳಿದ್ದನ್ನು ಕೇಳಿ ಒಂದು ಮಳೆಗಾಲ ಹಾಗೇ ಓಡಿಸಿದ್ದೆ. ಅದು ತಪ್ಪು. ಗಾಳಿ ಕಡಿಮೆಯಾದರೆ ನೀರನ್ನು ಆಚೆ ತಳ್ಳಬೇಕಾದ ಗೆರೆಗಳು ಮುಚ್ಚಿಕೊಳ್ಳುತ್ತವೆ. ಕಂಪನಿ ಹೇಳಿದಷ್ಟೇ ಗಾಳಿ ಇರಬೇಕು. ಗೆರೆ ಸವೆದ ಟೈರಿಗಂತೂ ಬೇರೆ ಮದ್ದಿಲ್ಲ, ಬದಲಾಯಿಸಬೇಕು.

ನಿಂತ ನೀರಿನ ವಿಷಯದಲ್ಲಿ ನಾನು ಪುಕ್ಕಲ. ಕೆಳಗೆ ಗುಂಡಿ ಇದೆ ಅಂತಲೇ ಲೆಕ್ಕ. ಮುಂದಿನ ಕಾರು ಅದರಲ್ಲಿ ಎಷ್ಟು ಕುಲುಕಿತು ನೋಡಿದರೆ ಆಳ ತಿಳಿಯುತ್ತದೆ. ಅದರ ಚಕ್ರ ಹೋದ ಜಾಡಿನಲ್ಲಿ ನೀರು ಕಡಿಮೆ, ನನ್ನ ದಾರಿ ಅದೇ. ಆದರೆ ಹತ್ತಿರ ಹೋಗುವುದಿಲ್ಲ. ಅದು ದಾಟಿದ ಕಂಬವನ್ನು ನಾನು ಮುಟ್ಟಲು ಕಡಿಮೆಯೆಂದರೂ 4 ಸೆಕೆಂಡ್ ಬೇಕು. ಒಣ ರಸ್ತೆಯಲ್ಲಾದರೆ 2 ಸಾಕು. ನೀರು ದಾಟಿದ ಮೇಲೆ ಬ್ರೇಕನ್ನು ಎರಡು ಸಲ ಮೆಲ್ಲಗೆ ಒತ್ತಿ ಒಣಗಿಸುತ್ತೇನೆ. ಡ್ರಮ್ ಬ್ರೇಕಿನೊಳಗೆ ನೀರು ಹೊಕ್ಕರೆ ಒಣಗಲು ಇನ್ನೂ ಹೊತ್ತು ಬೇಕು.

ಹೆಲ್ಮೆಟ್ಟಿನ ಮುಂದಿನ ಗಾಜು, ಅಂದರೆ ವೈಸರ್, ಮಂಜಾಗುವುದು ದೊಡ್ಡ ತಲೆನೋವು. ಒಳಭಾಗಕ್ಕೆ ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಸವರಿ, ಒಣಗಿದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಒಂದೆರಡು ದಿನ ನಡೆಯುತ್ತದೆ. ಲೇಪನ ಇರುವ ವೈಸರಿಗೆ ಮಾತ್ರ ಇದು ಬೇಡ. ಕಪ್ಪು ವೈಸರನ್ನು ಮಳೆಗಾಲಕ್ಕೆ ತೆಗೆದಿಟ್ಟೆ. ಗೀರು ಬಿದ್ದದ್ದನ್ನು ಎಸೆದೆ. ರಾತ್ರಿ ಎದುರಿನ ಹೆಡ್‌ಲೈಟ್ ಬಿದ್ದಾಗ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ರೇನ್‌ಕೋಟಿನ ತುದಿ ಜೋತಾಡಿಕೊಂಡಿದ್ದರೆ ಚೈನಿಗೆ ಸಿಕ್ಕೀತು, ಸೊಂಟದಲ್ಲಿ ಬಿಗಿದುಕೊಳ್ಳುತ್ತೇನೆ.

ಮುಂದೇನೂ ಕಾಣದಷ್ಟು ಸುರಿದರೆ ಎಲ್ಲರಂತೆ ನಾನೂ ನಿಲ್ಲುತ್ತೇನೆ, ಮರದ ಕೆಳಗಲ್ಲ, ರಸ್ತೆಯಿಂದ ಪೂರ್ತಿ ಆಚೆ. ಆದರೆ ಬಹಳ ದಿನದ ಮೇಲೆ ಬರುವ ಮೊದಲ ತುಂತುರಿಗೂ ನಿಲ್ಲುತ್ತೇನೆ. ಜೊತೆಯಲ್ಲಿ ಓಡಿಸುವ ಗೆಳೆಯನಿಗೆ ಇದು ಇನ್ನೂ ತಮಾಷೆಯೇ. "ಎಲ್ಲರೂ ಮಳೆ ನಿಲ್ಲಲಿ ಅಂತ ಕಾಯ್ತಾರೆ, ನೀನು ಜೋರಾಗಲಿ ಅಂತ ಕಾಯ್ತೀಯಲ್ಲೋ!" ಅಂತಾನೆ. ರಸ್ತೆ ತೊಳೆಯುವಷ್ಟು ಬಂದ ಮೇಲೆ ಹೆಲ್ಮೆಟ್ ಹಾಕಿಕೊಳ್ಳುತ್ತೇನೆ.