ಅಡ್ಜೆಕ್ಟಿವ್ ಆದ್ಮೇಲೆ ಟು ಹಾಕ್ಬೇಕಾ, ಆಫ್ ಹಾಕ್ಬೇಕಾ, ಫಾರ್ ಹಾಕ್ಬೇಕಾ?

ದಾವಣಗೆರೆಲಿ ಇಂಟರ್‌ವ್ಯೂಗೆ ರೆಡಿ ಆಗೋ ಹುಡುಗ್ರು ಹುಡುಗೀರ ಇಂಗ್ಲಿಷ್ ಕೇಳಿದ್ರೆ ಟೆನ್ಸ್ ತಪ್ಪು ಈಗ ಅಷ್ಟಿಲ್ಲ ಕಣ್ರಿ, ವರ್ಡ್ಸೂ ಬೇಕಾದಷ್ಟು ಗೊತ್ತಿರ್ತವೆ, ಎಡವೋದು ಅಡ್ಜೆಕ್ಟಿವ್ ಮುಗಿದ್ಮೇಲೆ ಬರೋ ಪುಟ್ಟ ಪದದಲ್ಲಿ. "ಹಿ ಈಸ್ ಆಂಗ್ರಿ ಆನ್ ಮಿ", "ಶಿ ಈಸ್ ಮ್ಯಾರೀಡ್ ವಿತ್ ಎ ಡಾಕ್ಟರ್", "ಹಿ ಈಸ್ ಸೀನಿಯರ್ ದ್ಯಾನ್ ಮಿ". ನನ್ ಮೇಲೆ ಸಿಟ್ಟು, ಡಾಕ್ಟರ್ ಜೊತೆ ಮದುವೆ, ನನಗಿಂತ ಸೀನಿಯರ್ ಅಂತ ತಲೇಲಿ ಕನ್ನಡ ಓಡ್ತಿರುತ್ತೆ, ಅದನ್ನೇ ಎತ್ತಿ ಅಲ್ಲಿ ಅಂಟಿಸ್ತೀವಿ ಅಷ್ಟೇ. ಇಂಗ್ಲಿಷಲ್ಲಿ ಆಂಗ್ರಿ ವಿತ್ ಮಿ, ಮ್ಯಾರೀಡ್ ಟು ಎ ಡಾಕ್ಟರ್, ಸೀನಿಯರ್ ಟು ಮಿ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಇವು ಲ್ಯಾಟಿನ್‌ನಿಂದ ಬಂದವು, ಅದಕ್ಕೇ ದ್ಯಾನ್ ಬದ್ಲು ಟು ತಗೊಳ್ತವೆ, ಬ್ಯಾಂಕ್ ಮತ್ತೆ ಎಸ್‌ಎಸ್‌ಸಿ ಪರೀಕ್ಷೆಗೆ ಓದೋರು ಇದನ್ನ ಮರೀಬಾರ್ದು, ಎರರ್ ಸ್ಪಾಟಿಂಗ್‌ನಲ್ಲಿ ಇದು ಹಳೇ ಗಿರಾಕಿ. ಉಳಿದವಕ್ಕೆ ಯಾಕೆ ಹಿಂಗೆ ಅಂತ ಕಾರಣ ಹುಡುಕ್ತಾ ಕೂತ್ರೆ ಟೈಮ್ ವೇಸ್ಟ್. ಮಂಡಕ್ಕಿ ಅಂದ್ರೆ ಮಿರ್ಚಿ ಸೇರಿಸ್ಕೊಂಡೇ ಆರ್ಡರ್ ಮಾಡಲ್ವಾ, ಹಂಗೆ ಅಡ್ಜೆಕ್ಟಿವ್‌ನ ಜೋಡಿ ಸಮೇತನೇ ಕಲೀರಿ: ನೋಟ್‌ಬುಕ್ಕಲ್ಲಿ ಬರೀ "ಫೇಮಸ್" ಅಂತ ಬರ್ಕೊಳ್ಳೋ ಬದ್ಲು "ದಾವಣಗೆರೆ ಈಸ್ ಫೇಮಸ್ ಫಾರ್ ಬೆಣ್ಣೆ ದೋಸೆ" ಅಂತ ಪೂರ್ತಿ ವಾಕ್ಯನೇ ಬರ್ಕೊಂಡ್ರೆ ಫಾರ್ ತಾನಾಗೇ ನೆನಪಿರುತ್ತೆ.

ಇದು ಸುಲಭದ ಭಾಗ. ಒಂದೇ ಅಡ್ಜೆಕ್ಟಿವ್ ಒಮ್ಮೆ ಟು, ಒಮ್ಮೆ ಆಫ್ ಥರದ ಬೇರೆ ಪದ ತಗೊಂಡು ಅರ್ಥ ಬದಲಾಯಿಸೋದಿದೆಯಲ್ಲ, ನಿಜವಾದ ಆಟ ಅಲ್ಲಿರೋದು.

ಅಫ್ರೇಡ್ ತಗೊಳ್ರಿ. ಚಿತ್ರದುರ್ಗದ ಕೋಟೆ ಗೋಡೆನ ಹಗ್ಗ ಇಲ್ದೆ ಹತ್ತೋ ಜ್ಯೋತಿರಾಜ್, ಕೋತಿರಾಜ್ ಅಂತಾನೇ ಜನ ಕರೆಯೋದು, ಅವರ ಬಗ್ಗೆ ಹೇಳೋದಾದ್ರೆ "ಹಿ ಈಸ್ ನಾಟ್ ಅಫ್ರೇಡ್ ಟು ಕ್ಲೈಂಬ್". ನಮ್ಮಂಥವರ ಬಗ್ಗೆ ಹೇಳೋದಾದ್ರೆ "ಐ ಆಮ್ ಅಫ್ರೇಡ್ ಟು ಕ್ಲೈಂಬ್, ಬಿಕಾಸ್ ಐ ಆಮ್ ಅಫ್ರೇಡ್ ಆಫ್ ಫಾಲಿಂಗ್". ಹತ್ತೋದು ನಾವು ಬೇಕಂತ ಮಾಡೋ ಕೆಲ್ಸ, ಹೆದ್ರಿಕೆಗೆ ಅದಕ್ಕೆ ಕೈ ಹಾಕಲ್ಲ, ಅಲ್ಲಿ ಟು. ಬೀಳೋದು ನಾವು ಮಾಡೋದಲ್ಲ, ತಾನಾಗಿ ಆಗಿಬಿಡಬಹುದಾದ ಅನಾಹುತ, ಅಲ್ಲಿ ಆಫ್ ಜೊತೆ ಐಎನ್‌ಜಿ. "ಅಫ್ರೇಡ್ ಟು ಫಾಲ್" ಅಂದ್ರೆ ಬೀಳೋಣ ಅಂತ ಪ್ಲಾನ್ ಇತ್ತು, ಧೈರ್ಯ ಸಾಲ್ಲಿಲ್ಲ ಅನ್ನೋ ಹಂಗೆ ಕೇಳ್ಸುತ್ತೆ.

ಆಂಕ್ಷಸ್‌ದೂ ಹೆಚ್ಚುಕಮ್ಮಿ ಇದೇ ಕಥೆ: "ಆಂಕ್ಷಸ್ ಟು ಜಾಯಿನ್" ಅಂದ್ರೆ ಯಾವಾಗ ಸೇರ್ಕೊಳ್ತೀನೋ ಅನ್ನೋ ಆತುರ, "ಆಂಕ್ಷಸ್ ಅಬೌಟ್ ಜಾಯಿನಿಂಗ್" ಅಂದ್ರೆ ಸೇರ್ಕೊಂಡ್ರೆ ಏನಾಗುತ್ತೋ ಅನ್ನೋ ಕಳವಳ. ಎಚ್‌ಆರ್ ಮುಂದೆ ಎರಡನೇದು ಬಾಯಿಗೆ ಬಂದ್ರೆ ಕಷ್ಟ.

ಶೂರ್ ಇನ್ನೂ ಮಜಾ. "ಹಿ ಈಸ್ ಶೂರ್ ಆಫ್ ವಿನ್ನಿಂಗ್" ಅಂದ್ರೆ ಗೆಲ್ತೀನಿ ಅಂತ ನಂಬಿರೋನು ಅವನು. "ಹಿ ಈಸ್ ಶೂರ್ ಟು ವಿನ್" ಅಂದ್ರೆ ಅವನು ಗೆಲ್ಲೋದು ಗ್ಯಾರಂಟಿ ಅಂತ ಹೇಳ್ತಿರೋನು ನಾನು, ಅವನಿಗೆ ಪಾಪ ನಂಬಿಕೆನೇ ಇಲ್ದೆ ಇರಬಹುದು. ಎಲೆಕ್ಷನ್ ಟೈಮಲ್ಲಿ ಸೋಲೋ ಕ್ಯಾಂಡಿಡೇಟ್‌ಗಳೆಲ್ಲ ಮೊದಲನೇ ಥರದವ್ರು. ಸರ್ಟನ್‌ಗೂ ಇದೇ ಲೆಕ್ಕ.

ಇಂಟರೆಸ್ಟೆಡ್ ವಿಷಯದಲ್ಲಿ ಕ್ಲಾಸಲ್ಲಿ "ಇನ್ ಮಾತ್ರ ಸರಿ, ಟು ತಪ್ಪು" ಅಂತ ಹೇಳ್ಕೊಡ್ತಾರೆ, ಅದು ಅರ್ಧ ಸತ್ಯ ಅಂತ ನನ್ನ ಅಭಿಪ್ರಾಯ. ಕೆಲ್ಸಕ್ಕೆ ಅರ್ಜಿ ಹಾಕುವಾಗ "ಐ ಆಮ್ ಇಂಟರೆಸ್ಟೆಡ್ ಇನ್ ವರ್ಕಿಂಗ್ ವಿತ್ ಯು" ಅಂತಾನೇ ಬರೀಬೇಕು, "ಇಂಟರೆಸ್ಟೆಡ್ ಟು ವರ್ಕ್" ಬೇಡ. ಆದ್ರೆ ನೋ, ಹಿಯರ್, ಸೀ, ಲರ್ನ್ ಅಂಥ ವರ್ಬ್ ಬಂದು, ಏನೋ ಒಂದು ವಿಷಯ ತಿಳ್ಕೊಳ್ಳೋ ಕುತೂಹಲ ಇದ್ರೆ "ಐ ವುಡ್ ಬಿ ಇಂಟರೆಸ್ಟೆಡ್ ಟು ನೋ ಯುವರ್ ಒಪೀನಿಯನ್" ಪಕ್ಕಾ ಸರಿ, ಇಂಗ್ಲಿಷ್ ಮನೆಮಾತಿನವ್ರೂ ಹಂಗೇ ಬರೀತಾರೆ.

ಈಗ ನನಗೆ ಕಷ್ಟ, ನನಗೆ ಅನುಕೂಲ ಅನ್ನೋ ಥರದವು. "ಇವತ್ತು ನನಗೆ ಬರೋದು ಕಷ್ಟ" ಅನ್ನೋದನ್ನ "ಐ ಆಮ್ ಡಿಫಿಕಲ್ಟ್ ಟು ಕಮ್" ಅಂದ್ಬಿಡ್ತಾರೆ, ಇದು ನಡಿಯಲ್ಲ. "ಇಟ್ ಈಸ್ ಡಿಫಿಕಲ್ಟ್ ಫಾರ್ ಮಿ ಟು ಕಮ್" ಅನ್ಬೇಕು. "ಐ ಆಮ್ ಕನ್ವೀನಿಯಂಟ್ ಆನ್ ಸಂಡೇ" ಕೂಡ ಹಂಗೇ, "ಸಂಡೇ ಈಸ್ ಕನ್ವೀನಿಯಂಟ್ ಫಾರ್ ಮಿ" ಅನ್ರಿ. "ಹಿ ಈಸ್ ಪಾಸಿಬಲ್ ಟು ಕಮ್" ಬೇಡ, "ಹಿ ಈಸ್ ಲೈಕ್ಲಿ ಟು ಕಮ್" ಅಂದ್ರೆ ಮುಗೀತು.

ಹಂಗಾದ್ರೆ ಡಿಫಿಕಲ್ಟ್ ಮುಂದೆ ಮನುಷ್ಯರನ್ನ ಕೂರ್ಸಲೇಬಾರ್ದಾ ಅಂದ್ರೆ ಕೂರಿಸ್ಬೋದು, ಆದ್ರೆ ಆ ಕೆಲ್ಸ ಅವರ ಮೇಲೆ ನಡೀತಿರ್ಬೇಕು. "ಮೈ ಬಾಸ್ ಈಸ್ ಡಿಫಿಕಲ್ಟ್ ಟು ಪ್ಲೀಸ್" ಅಂದ್ರೆ ಬಾಸ್‌ನ ಬೇರೆಯವರು ಖುಷಿಪಡಿಸೋದು ಕಷ್ಟ. ಭಾಷಾವಿಜ್ಞಾನಿ ಚಾಮ್‌ಸ್ಕಿ 1960ರ ದಶಕದಲ್ಲಿ ಫೇಮಸ್ ಮಾಡಿದ ಜೋಡಿ ಇದೇ: "ಜಾನ್ ಈಸ್ ಈಸಿ ಟು ಪ್ಲೀಸ್", "ಜಾನ್ ಈಸ್ ಈಗರ್ ಟು ಪ್ಲೀಸ್". ನೋಡೋಕೆ ಎರಡೂ ಒಂದೇ ಥರ, ಮೊದಲನೇದ್ರಲ್ಲಿ ಜಾನ್‌ನ ಯಾರೋ ಖುಷಿಪಡಿಸ್ತಾರೆ, ಎರಡನೇದ್ರಲ್ಲಿ ಯಾರನ್ನೋ ಖುಷಿಪಡಿಸೋಕೆ ಜಾನ್ ಕಾಯ್ತಿದ್ದಾನೆ. ಈಸಿ, ಹಾರ್ಡ್, ಡಿಫಿಕಲ್ಟ್, ಇಂಪಾಸಿಬಲ್ ಎಲ್ಲ ಮೊದಲನೇ ಗುಂಪು. ಈ ಗುಂಪಲ್ಲಿ ಎರಡು ವಿಷಯ ಗಮನಿಸ್ರಿ, ಒಂದು ಕೊನೇಲಿ ಇನ್ನೊಂದ್ಸಲ ಇಟ್ ಹಾಕಬಾರ್ದು, "ದಿಸ್ ಸಮ್ ಈಸ್ ಹಾರ್ಡ್ ಟು ಸಾಲ್ವ್ ಇಟ್" ತಪ್ಪು, ಸಾಲ್ವ್‌ಗೇ ನಿಲ್ಲಿಸ್ಬೇಕು. ಇನ್ನೊಂದು, ವರ್ಬ್‌ಗೆ ಬೇಕಾದ ಪ್ರಿಪೊಸಿಷನ್ ಬಿಟ್ಬಿಡಬಾರ್ದು: "ಹಿ ಈಸ್ ಈಸಿ ಟು ಟಾಕ್ ಟು", "ದಿಸ್ ಚೇರ್ ಈಸ್ ಕಂಫರ್ಟಬಲ್ ಟು ಸಿಟ್ ಆನ್". ಕೊನೇಲಿ ಒಂಟಿ ಟು ನೇತಾಡ್ತಿದೆ ಅಂತ ಅಳಿಸಿ ಹಾಕ್ತಾರೆ, ಅಳಿಸಬೇಡಿ, ಅದು ಇರ್ಲೇಬೇಕು.

ಆಫ್ ಯು, ಫಾರ್ ಯು ಗೊಂದಲಕ್ಕೆ ಒಂದು ಟೆಸ್ಟ್ ಇದೆ. "ಯು ಆರ್ ಕೈಂಡ್" ಅಂದ್ರೆ ಅರ್ಥ ಕೂರುತ್ತೆ, ಅದು ಆ ಮನುಷ್ಯನ ಗುಣ, ಅದಕ್ಕೆ "ಇಟ್ ವಾಸ್ ಕೈಂಡ್ ಆಫ್ ಯು ಟು ಡ್ರಾಪ್ ಮಿ ಅಟ್ ದ ಬಸ್ ಸ್ಟ್ಯಾಂಡ್". ನೆಸೆಸರಿ ಅನ್ನೋದು ಮನುಷ್ಯನ ಗುಣ ಅಲ್ವಲ್ಲ, ಅದಕ್ಕೆ "ನೆಸೆಸರಿ ಫಾರ್ ಯು ಟು ಕಮ್". ಸಿಲ್ಲಿ, ರೂಡ್, ಕ್ಲೆವರ್, ಜೆನರಸ್ ಎಲ್ಲ ಆಫ್ ಕಡೆ.

ಟು ನೋಡಿದ ತಕ್ಷಣ ವರ್ಬ್‌ನ ಮೂಲರೂಪ ಹಾಕೋ ಅಭ್ಯಾಸನೂ ಬಿಡ್ಬೇಕು, ಯಾಕಂದ್ರೆ ಕೆಲವು ಟು ಪ್ರಿಪೊಸಿಷನ್. ಟು ಆದ್ಮೇಲೆ ಒಂದು ನೌನ್ ಇಟ್ಟು ನೋಡ್ರಿ. "ಐ ಆಮ್ ಯೂಸ್ಡ್ ಟು ದ ಹೀಟ್" ಸರಿ ಕೂತ್ಕೊಳ್ತು, ನಮ್ಮ ಕಡೆ ಏಪ್ರಿಲ್ ಬಿಸ್ಲಿಗೆ ಯೂಸ್ಡ್ ಟು ಆಗದೆ ಇನ್ನೇನು, ಹಂಗಾದ್ರೆ ವರ್ಬ್ ಬಂದಾಗ ಐಎನ್‌ಜಿ: "ಯೂಸ್ಡ್ ಟು ವರ್ಕಿಂಗ್ ಇನ್ ದ ಹೀಟ್". ಅಕಸ್ಟಮ್ಡ್, ಅಡಿಕ್ಟೆಡ್, ಅಪೋಸ್ಡ್, ಕಮಿಟೆಡ್ ಹಿಂಗೇ. "ರೆಡಿ ಟು ದ ಎಕ್ಸಾಮ್" ಅಂದ್ರೆ ಕೂರಲ್ಲ, ಅಲ್ಲಿ ಟು ವರ್ಬ್‌ಗೆ ಮೀಸಲು: "ರೆಡಿ ಟು ರೈಟ್", ನೌನ್ ಆದ್ರೆ "ರೆಡಿ ಫಾರ್ ದ ಎಕ್ಸಾಮ್". ಮತ್ತೆ ಅಡ್ಜೆಕ್ಟಿವೇ ಅಲ್ಲದ "ಐ ಯೂಸ್ಡ್ ಟು ವರ್ಕ್", ಮುಂಚೆ ಮಾಡ್ತಿದ್ದೆ ಅನ್ನೋದು, ಅದು ಬೇರೆನೇ ಐಟಂ, ಆಮ್ ಇದೆಯಾ ಇಲ್ವಾ ನೋಡಿ ಗುರುತಿಸ್ಬೇಕು.

ಡೌಟ್ ಬಂದಾಗ ಎಲ್ಲಿ ಚೆಕ್ ಮಾಡೋದು? ಮೊದ್ಲು ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ, ಫೋನಲ್ಲೇ ಫ್ರೀ ಸಿಗುತ್ತೆ. ಅರ್ಥ ಓದಿ ಕ್ಲೋಸ್ ಮಾಡ್ಬೇಡಿ, ಕೆಳಗೆ ದಪ್ಪ ಅಕ್ಷರದಲ್ಲಿ ಆ ಅಡ್ಜೆಕ್ಟಿವ್ ಯಾವ ಪ್ರಿಪೊಸಿಷನ್ ತಗೊಳ್ಳುತ್ತೆ, ಟು ತಗೊಳ್ಳುತ್ತಾ ಅಂತ ಉದಾಹರಣೆ ಸಮೇತ ಕೊಟ್ಟಿರ್ತಾರೆ. ಆಮೇಲೆ ಗೂಗಲ್ ಎನ್‌ಗ್ರಾಮ್ ವ್ಯೂವರ್, ಪುಸ್ತಕಗಳಲ್ಲಿ ಯಾವ ಪದ ಎಷ್ಟು ಬಳಕೆಲಿದೆ ಅಂತ ತೋರಿಸೋ ಸೈಟ್. ಡಿಫರೆಂಟ್ ಫ್ರಮ್, ಡಿಫರೆಂಟ್ ಟು, ಡಿಫರೆಂಟ್ ದ್ಯಾನ್ ಮೂರನ್ನೂ ಕಾಮಾ ಹಾಕಿ ಟೈಪ್ ಮಾಡಿ, ಮೇಲೆ ಬ್ರಿಟಿಷ್ ಇಂಗ್ಲಿಷ್, ಅಮೆರಿಕನ್ ಇಂಗ್ಲಿಷ್ ಬದಲಾಯಿಸಿ ನೋಡಿ. ಎರಡೂ ಕಡೆ ಫ್ರಮ್ ಮುಂದಿರುತ್ತೆ, ಟು ಬ್ರಿಟಿಷರ ಮಾತಲ್ಲಿ ಜಾಸ್ತಿ, ದ್ಯಾನ್ ಅಮೆರಿಕದವರದ್ದು, ಪರೀಕ್ಷೆಲಿ ಕಣ್ಣುಮುಚ್ಚಿ ಫ್ರಮ್ ಹಾಕ್ರಿ. ಅಡ್ಜೆಕ್ಟಿವ್ ಪಕ್ಕ ಒಂದು ಸ್ಟಾರ್ ಚಿಹ್ನೆ ಇಟ್ಟು ಹುಡುಕಿದ್ರೆ ಆಮೇಲೆ ಬರೋ ಹತ್ತು ಮುಖ್ಯ ಪದ ಅದೇ ತೋರಿಸುತ್ತೆ. ಇನ್ನೂ ಆಳಕ್ಕೆ ಹೋಗೋರಿಗೆ ಕೋಕಾ ಅಂತ ಒಂದು ಕಾರ್ಪಸ್, ಅಂದ್ರೆ ಜನ ನಿಜವಾಗಿ ಬರೆದ, ಆಡಿದ ಮಾತುಗಳ ಹುಡುಕಬಹುದಾದ ಸಂಗ್ರಹ, ಇದೆ, 1990ರಿಂದ 2019ರವರೆಗಿನ ಅಮೆರಿಕನ್ ಇಂಗ್ಲಿಷಿನ 100 ಕೋಟಿಗೂ ಜಾಸ್ತಿ ಪದ, ಟಿವಿ, ಪೇಪರ್, ಕಾದಂಬರಿ ಎಲ್ಲ ಸೇರಿ.

ಆದ್ರೆ ಬರೀ ನಂಬರ್ ನೋಡಿ ತೀರ್ಪು ಕೊಡಬೇಡಿ. "ಮ್ಯಾರೀಡ್ ವಿತ್" ಹುಡುಕಿದ್ರೆ ಸಿಗುತ್ತೆ, ನೋಡಿದ್ರಾ ಇದೂ ಇದೆ ಅಂತ ಕುಣೀತೀವಿ, ಉದಾಹರಣೆ ತೆಗೆದು ಓದಿದ್ರೆ "ಹಿ ಈಸ್ ಮ್ಯಾರೀಡ್ ವಿತ್ ಟೂ ಚಿಲ್ಡ್ರನ್" ಥರದವು ಬರ್ತವೆ. ಅಂದ್ರೆ ಮದುವೆ ಆಗಿದೆ, ಎರಡು ಮಕ್ಕಳಿದಾವೆ, ಮಕ್ಕಳ ಜೊತೆ ಮದುವೆ ಅಲ್ಲ. "ಡಿಫರೆಂಟ್ ಟು" ಲೆಕ್ಕದಲ್ಲೂ "ಇಟ್ ಫೀಲ್ಸ್ ಡಿಫರೆಂಟ್ ಟು ಮಿ" ನುಸುಳಿರುತ್ತೆ, ಅಲ್ಲಿ ಟು ಮಿ ಅಂದ್ರೆ ನನಗೆ ಹಂಗನ್ಸುತ್ತೆ ಅಂತ, ಹೋಲಿಕೆನೇ ಇಲ್ಲ. ಹತ್ತಿಪ್ಪತ್ತು ವಾಕ್ಯ ಪೂರ್ತಿ ಓದಿ, ಆಮೇಲೆ ನೋಟ್‌ಬುಕ್ಕಿಗೆ ಹತ್ತಿಸಿ.