ಮಂಡಿ ಹಿಂದಿನ ನೀರುಗಂಟು: ನಾನು ಸೂಜಿ ಹಾಕುವ ಕ್ರಮ

ಮಂಡಿ ಸವೆದವರಲ್ಲಿ ಹಿಂಬದಿಯ ಮಡಿಕೆಯಲ್ಲಿ ಏಳುವ ಬೇಕರ್ಸ್ ಸಿಸ್ಟ್ ಬೇರೆಯೇ ಕಾಯಿಲೆಯಲ್ಲ, ಕೀಲಿನಲ್ಲಿ ಹೆಚ್ಚಾದ ನೀರು ಹಿಂದಕ್ಕೆ ನುಗ್ಗಿ ನಿಂತದ್ದು. ತೊಡೆಯ ಹಿಂಬದಿಯ ಸೆಮಿಮೆಂಬ್ರನೋಸಸ್ ಸ್ನಾಯುವಿನ ರಜ್ಜು ಮತ್ತು ಮೀನಖಂಡದ ಸ್ನಾಯುವಿನ ಒಳತಲೆಯ ನಡುವಿನ ಸಂದಿ ಅದರ ದಾರಿ. ಬಹಳ ಜನರಲ್ಲಿ ಅದು ಒಮ್ಮುಖ ಕವಾಟದಂತೆ: ಹೋದ ನೀರು ವಾಪಸ್ ಬರುವುದಿಲ್ಲ. ಗಂಟನ್ನಷ್ಟೇ ಬರಿದು ಮಾಡಿದರೆ ಮತ್ತೆ ತುಂಬುವುದು ಇದರಿಂದಲೇ.

ಅಲ್ಟ್ರಾಸೌಂಡ್ ಸ್ಕ್ಯಾನ್ ಇಲ್ಲದೆ ನಾನು ಸೂಜಿ ಮುಟ್ಟುವುದಿಲ್ಲ. ರೋಗಿಯನ್ನು ಬೋರಲು ಮಲಗಿಸಿ, ಮೊದಲು ಆ ಸಂದಿಯಲ್ಲಿ ಗಂಟಿನ ಕತ್ತು ಹುಡುಕುತ್ತೇನೆ. ಕತ್ತು ಕಾಣದಿದ್ದರೆ, ಅಥವಾ ಒಳಗೆ ಗಟ್ಟಿ ಭಾಗವಿದ್ದರೆ, ಎಂಆರ್‌ಐ ಆಗುವವರೆಗೆ ಚುಚ್ಚುವುದಿಲ್ಲ. ಆಮೇಲೆ ರಕ್ತದ ಹರಿವು ತೋರಿಸುವ ಡಾಪ್ಲರ್. ಉಬ್ಬಿದ ಅಪಧಮನಿಯೂ ಇದೇ ಜಾಗದಲ್ಲಿ ಗಂಟಿನಂತೆ ಕಾಣುತ್ತದೆ, ಚುಚ್ಚಿದರೆ ಅನಾಹುತ. ಮೀನಖಂಡ ದಿಢೀರನೆ ಊದಿದ್ದರೆ ಗಂಟು ಒಡೆದಿರಬಹುದು, ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಲೂಬಹುದು. ಕೈಯಿಂದ ಮುಟ್ಟಿ ಇದನ್ನು ತೀರ್ಮಾನಿಸಬಾರದು. ಒಡೆದ ಗಂಟಿಗೆ ರಕ್ತ ತೆಳುವಾಗಿಸುವ ಔಷಧ ಕೊಟ್ಟರೆ ಮೀನಖಂಡದೊಳಗೆ ರಕ್ತ ಸೋರುವ ಅಪಾಯವಿದೆ.

ಚರ್ಮ ಶುಚಿ ಮಾಡಿ ಜಾಗ ಮರಗಟ್ಟಿಸಲು 2–3 ಮಿ.ಲೀ. ಲಿಗ್ನೊಕೇನ್ ಕೊಟ್ಟು, ರಕ್ತನಾಳ ಮತ್ತು ನರದಿಂದ ದೂರವಾಗಿ ಒಳಬದಿಯಿಂದ 18 ಗೇಜ್ ಸೂಜಿ ಹಾಕುತ್ತೇನೆ. ಅದರ ತುದಿ ಸದಾ ಪರದೆಯಲ್ಲಿರಬೇಕು. ಹಳೆಯ ಗಂಟಿನ ನೀರು ಅಂಟಂಟಾಗಿರುತ್ತದೆ, ಆಗ ಇನ್ನೂ ದಪ್ಪನೆಯ 16 ಗೇಜ್ ಬೇಕು. ಸಿರಿಂಜನ್ನು ಜೋರಾಗಿ ಎಳೆದರೆ ಗಂಟಿನ ಗೋಡೆಯೇ ಸೂಜಿಗೆ ಅಂಟಿ ಹರಿವು ನಿಲ್ಲುತ್ತದೆ. ತುಸು ಸಡಿಲಿಸಿ ತುದಿ ತಿರುಗಿಸಿದರೆ ಸಾಕು. ಗಂಟಿನೊಳಗೆ ತೆಳು ಅಡ್ಡಗೋಡೆಗಳಿದ್ದರೆ ಒಂದೊಂದನ್ನೂ ಚುಚ್ಚಿ ಬಿಡಿಸಬೇಕು.

ನೀರು ತಿಳಿಹಳದಿಯಾಗಿ ಸ್ವಚ್ಛವಾಗಿದ್ದರೆ ಮುಂದುವರಿಯುತ್ತೇನೆ. ಕದಡಿದ್ದರೆ ಸ್ಟೀರಾಯ್ಡ್ ಕೊಡದೆ ಕೋಶ ಎಣಿಕೆಗೂ ಸೋಂಕಿನ ಜೀವಾಣು ಪತ್ತೆ ಮಾಡುವ ಕಲ್ಚರ್‌ಗೂ ಕಳಿಸುತ್ತೇನೆ.

ನಾನು ಕೊಡುವ ಸ್ಟೀರಾಯ್ಡ್ ಟ್ರಯಾಮ್ಸಿನೊಲೋನ್ 40 ಮಿ.ಗ್ರಾಂ, ಒಂದೇ ಡೋಸ್. ಕೀಲಿನಲ್ಲೂ ನೀರಿದ್ದರೆ ಅದನ್ನು ತೆಗೆದು ಔಷಧವನ್ನು ಕೀಲಿಗೇ ಹಾಕುವುದು ನನ್ನ ಆಯ್ಕೆ, ಏಕೆಂದರೆ ಮೂಲ ಅಲ್ಲಿದೆ. ಕೀಲು ಒಣಗಿದ್ದರೆ ಮಾತ್ರ ಗಂಟಿಗೆ. ಮೂರು ತಿಂಗಳೊಳಗೆ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಇದ್ದರೆ ಸೋಂಕಿನ ಭಯದಿಂದ ಸ್ಟೀರಾಯ್ಡ್ ಕೊಡುವುದೇ ಇಲ್ಲ. ಸಕ್ಕರೆ ಕಾಯಿಲೆಯವರು ಒಂದು ವಾರ ದಿನವೂ ಸಕ್ಕರೆ ನೋಡಿಕೊಳ್ಳಬೇಕು, ಏರುವುದು ಸಾಮಾನ್ಯ.

ಎರಡು ದಿನ ಕ್ರೇಪ್ ಬ್ಯಾಂಡೇಜ್, ಬೆರಳು ಜೋಮು ಹಿಡಿಯದಷ್ಟು ಬಿಗಿ. ನಂತರ ತೊಡೆಯ ಮುಂಭಾಗದ ಸ್ನಾಯುವಿಗೆ ವ್ಯಾಯಾಮ: ಮಂಡಿ ನೇರವಾಗಿಟ್ಟು 5 ಸೆಕೆಂಡ್ ಬಿಗಿಹಿಡಿದು ಬಿಡುವುದು, 10 ಸಲ, ದಿನಕ್ಕೆ ಮೂರು ಹೊತ್ತು. ನಾಲ್ಕು ವಾರಕ್ಕೆ ಮತ್ತೆ ಸ್ಕ್ಯಾನ್. ಸಣ್ಣ ಗಂಟು ಉಳಿದಿದ್ದು ನೋವಿಲ್ಲವೆಂದರೆ ಅದರ ತಂಟೆಗೆ ಹೋಗುವುದಿಲ್ಲ.